ಟೇಲೆಂಡಿನ ಹೊಲಕ್ಕೆ ನೀರು ಯಾಕೆ ಮುಟ್ಟುವುದಿಲ್ಲ

ನವಲಗುಂದದ ಕಡೆ ಹೊಲ ಕೊಳ್ಳುವ, ಇಲ್ಲವೇ ಲಾವಣಿಗೆ ಹಿಡಿಯುವ ಮಾತು ನಡೆದಾಗ ಮೊದಲು ಕಪ್ಪು ಎರಿಮಣ್ಣೋ ಕೆಂಪು ಮಸಾರಿಯೋ ಎಂದು ಕೇಳುತ್ತಾರೆ. ಆಮೇಲೆ ಚಕ್ಕಡಿ ಹೋಗಲು ದಾರಿ ಇದೆಯೇ ಎಂದು. ಅದರ ಬೆನ್ನಿಗೇ ಬರುವ ಪ್ರಶ್ನೆ: ‘ಟೇಲೆಂಡಿಗೈತೇನ್ರೀ?’ ಹೌದೆಂದರೆ ದರ ಅಲ್ಲೇ ಇಳಿಯುತ್ತದೆ. ಕಾಲುವೆ ಹೊಲದ ಬದುವಿಗೆ ತಾಗಿಕೊಂಡೇ ಹೋಗಿರಬಹುದು, ಉತಾರದಲ್ಲಿ ‘ನೀರಾವರಿ’ ಎಂದು ಬರೆದೂ ಇರಬಹುದು. ಆ ಒಂದು ಮಾತು ಬಂದ ಮೇಲೆ ಇವಾವುದೂ ಲೆಕ್ಕಕ್ಕಿಲ್ಲ. ಕೇಳುವವರು ಇಂಗ್ಲಿಷ್ ಓದಿದವರೇ ಆಗಿರಬೇಕೆಂದಿಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜನಿಗೂ ಟೇಲ್ ಎಂಡ್ ಎಂದರೆ ಏನೆಂದು ಚೆನ್ನಾಗಿ ಗೊತ್ತು, ಇಂಗ್ಲಿಷ್ ನಿಘಂಟಿಗಿಂತ ಹೆಚ್ಚಾಗಿಯೇ ಗೊತ್ತು.

ಇಂಗ್ಲಿಷಿನಲ್ಲಿ ಇದು ತೀರಾ ಸಾದಾ ಮಾತು. ಉದ್ದವಾದ ಯಾವುದೇ ವಸ್ತುವಿನ, ಸಾಲಿನ, ಕಾಲದ ಕೊನೆಯ ಭಾಗಕ್ಕೆ ಟೇಲ್ ಎಂಡ್ ಎನ್ನುತ್ತಾರೆ. ಮಳೆಗಾಲಕ್ಕೆ ಟೇಲ್ ಎಂಡ್ ಉಂಟು, ಮೆರವಣಿಗೆಗೂ ಉಂಟು. ನಮ್ಮಲ್ಲಿ ಹುಡುಗರಿಗೆ ಇದರ ಪರಿಚಯವಾಗುವುದು ಕ್ರಿಕೆಟ್ ಕಾಮೆಂಟರಿಯಿಂದ. ಬ್ಯಾಟಿಂಗ್ ಸಾಲಿನ ಕೊನೆಗೆ ಬರುವ ಬೌಲರುಗಳು ಟೇಲೆಂಡರುಗಳು. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅವರು ‘ಬಾಲಂಗೋಚಿಗಳು’. ಕ್ರಿಕೆಟಿನ ಬಾಲಂಗೋಚಿ ಸಾಲಿನ ಕೊನೆಗೆ ನಿಲ್ಲುವುದು ಅವನಿಗೆ ಬ್ಯಾಟಿಂಗ್ ಅಷ್ಟಾಗಿ ಬಾರದ ಕಾರಣಕ್ಕೆ. ಕಾಲುವೆಯ ಟೇಲೆಂಡಿನ ರೈತ ಕೊನೆಗೆ ನಿಂತಿರುವುದು ಎಂಜಿನಿಯರರು ನಕ್ಷೆಯಲ್ಲಿ ಎಳೆದ ಗೆರೆ ಅವನ ಹೊಲದ ಹತ್ತಿರ ಮುಗಿದ ಕಾರಣಕ್ಕೆ. ಅವನ ಒಕ್ಕಲುತನದಲ್ಲಿ ಕೊರತೆ ಏನೂ ಇಲ್ಲ. ಮಾತು ಒಂದೇ ಆದರೂ ಅವನ ಪಾಲಿಗೆ ಬಂದ ಅನ್ಯಾಯ ಬೇರೆ.

ಈ ಮಾತು ಊರಿಗೆ ಬಂದದ್ದು ಕಾಲುವೆಯ ಜೊತೆಗೆ. ಕೆನಾಲು, ಗೇಟು, ಕ್ಯೂಸೆಕ್, ಲ್ಯಾಟರಲ್, ರೊಟೇಶನ್ ಇವೆಲ್ಲ ಒಂದೇ ಕಾಲದಲ್ಲಿ ನೀರಾವರಿ ಇಲಾಖೆಯ ಜೀಪಿನಿಂದ ಇಳಿದು ಕಟ್ಟೆಯ ಮೇಲೆ ಕುಳಿತ ಮಾತುಗಳು. ಕಾಲುವೆ ಕಟ್ಟುವವರ ಲೆಕ್ಕದಲ್ಲಿ ಅಣೆಕಟ್ಟಿನ ಕಡೆಯದು ತಲೆ, ನೀರು ಮುಗಿಯುವ ಕಡೆಯದು ಬಾಲ. ಅವರು ಅದನ್ನು ದಿಕ್ಕು ಗುರುತಿಸಲು ಬಳಸಿದರು. ಜನ ಅದನ್ನು ಸ್ಥಿತಿ ಹೇಳಲು ಬಳಸಿಕೊಂಡರು. ಪತ್ರಿಕೆಗಳು ‘ಕಾಲುವೆಯ ಕೊನೆಯ ಭಾಗದ ರೈತರು’ ಎಂದು ಬರೆಯುತ್ತವೆ. ಬಾಯಿಮಾತಿನಲ್ಲಿ ಅದು ‘ನಮ್ಮದು ಟೇಲೆಂಡ್ರೀ, ನಮಗ್ಯಾವ ಕೆನಾಲು?’ ಎಂದೇ ಬರುತ್ತದೆ. ಈಗ ಅದು ನೀರನ್ನೂ ದಾಟಿದೆ. ಬಹುಪಾಲು ಮಳೆಯನ್ನೇ ನಂಬಿದ ಕುಂದಗೋಳದ ಕಡೆ, ಕಾಡಂಚಿನ ಕಲಘಟಗಿಯ ಕಡೆ, ವಿದ್ಯುತ್ ಲೈನಿನ ಕೊನೆಗಿರುವ ಊರುಗಳೂ ಟೇಲೆಂಡೇ. ಅಲ್ಲಿಗೆ ಕರೆಂಟು ಬರುತ್ತದೆ, ವೋಲ್ಟೇಜು ಬರುವುದಿಲ್ಲ. ಬಲ್ಬು ಕೆಂಪಗೆ ಉರಿಯುತ್ತದೆ, ಪಂಪ್‌ಸೆಟ್ಟಿನ ಮೋಟಾರು ಸುಡುತ್ತದೆ. ನಳದ ನೀರಿನ ಪೈಪಿಗೂ ಇದೇ ಮಾತು.

ಆದರೆ ಈ ಮಾತಿನ ತವರು ಮಲಪ್ರಭಾ ಬಲದಂಡೆ ಕಾಲುವೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಡ್ಡಗಟ್ಟೆ ಕಟ್ಟಿದ್ದಾರೆ. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಎರಡೂ ದಂಡೆಗಳಿಂದ ನೂರು ಕಿಲೋಮೀಟರು ಮೀರಿದ ಕಾಲುವೆಗಳು ಹೊರಡುತ್ತವೆ. ಒಟ್ಟು ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರುಣಿಸುವ ಲೆಕ್ಕ. ಬಲದಂಡೆಯ ನೀರು ಸವದತ್ತಿಯ ನೆಲ ದಾಟಿ ನವಲಗುಂದ, ನರಗುಂದ, ರೋಣದ ಎರಿಹೊಲಗಳಿಗೆ ಹೋಗಬೇಕು. ಮೊನ್ನೆ ಮೊನ್ನೆಯವರೆಗೆ ನವಲಗುಂದ ತಾಲ್ಲೂಕಿನಲ್ಲೇ ಇದ್ದ ಅಣ್ಣಿಗೇರಿಯ ಸುತ್ತಲಿನ ಹಳ್ಳಿಗಳ ಬಾಯಲ್ಲಿ ಟೇಲೆಂಡ್ ಎಂಬ ಮಾತು ಅಷ್ಟೊಂದು ಕೇಳಿಬರುವುದಕ್ಕೆ ಈ ದೂರವೇ ಮೊದಲ ಕಾರಣ.

ದೂರವೊಂದೇ ಕಾರಣವಾಗಿದ್ದರೆ ಅದನ್ನು ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಹಾಗಿಲ್ಲ. ನೀರು ಎಲ್ಲಿ ಹೇಗೆ ತಪ್ಪಿಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಲ್ಯಾಟರಲ್, ಅಲ್ಲಿಂದ ತೂಬು, ತೂಬಿನಿಂದ ಹೊಲಗಾಲುವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಅಷ್ಟು ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಎರಡು ಎಕರೆಯಲ್ಲಿ ಒಂದು ಅಡಿ ನಿಲ್ಲುತ್ತದೆ. ಮೂರು ಇಂಚಿನ ತೆಳು ನೀರಾದರೆ ಎಂಟು ಎಕರೆ ಹಾಯುತ್ತದೆ. ಒಂದು ಲ್ಯಾಟರಲ್ಲಿಗೆ 10 ಕ್ಯೂಸೆಕ್ ಬಿಟ್ಟರು ಎಂದಿಟ್ಟುಕೊಳ್ಳಿ. ದಿನಕ್ಕೆ 80 ಎಕರೆ ಹಾಯಬೇಕು. ಮೇಲಿನ 20 ತೂಬಿನವರು ತಮ್ಮ ಪಾಲಿನ ಮೇಲೆ ಕಾಲು ಕಾಲು ಕ್ಯೂಸೆಕ್ ಹೆಚ್ಚಿಗೆ ಎಳೆದುಕೊಂಡರೆ ಐದು ಕ್ಯೂಸೆಕ್ ಹೋಯಿತು. ಕಾಲು ಕ್ಯೂಸೆಕ್ ಎಂದರೆ ಕಣ್ಣಿಗೆ ಕಾಣುವ ಕಳವಲ್ಲ. ಗೇಟನ್ನು ನಾಲ್ಕು ಬೆರಳು ಹೆಚ್ಚು ಎತ್ತಿದರೂ ಆಯಿತು, ಕಾಲುವೆಗೆ ಹತ್ತಿಕಟ್ಟಿಗೆ, ಕಲ್ಲು, ಮಣ್ಣು ತುಂಬಿದ ಚೀಲ ಅಡ್ಡ ಹಾಕಿ ನೀರಿನ ಮಟ್ಟ ಏರಿಸಿದರೂ ಆಯಿತು, ದಂಡೆಯ ಮೇಲಿಂದ ರಬ್ಬರ್ ಪೈಪು ಇಳಿಬಿಟ್ಟರೂ ಆಯಿತು. ಮೋಟಾರು ಹಚ್ಚಿದವರ ಲೆಕ್ಕ ಬೇರೆ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡದ್ದು. ಕೆಳಗಿನ ಅರ್ಧ ಜನಕ್ಕೆ ಪೂರ್ತಿ ಇಲ್ಲವಾಯಿತು.

ಇದರ ಮೇಲೆ ಹೂಳು, ಜೇಕು, ಒಡೆದ ಕಾಂಕ್ರೀಟು. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಹಾಸಿದ ಲೈನಿಂಗು ಒಂದೆರಡು ಬೇಸಿಗೆಗೇ ಸೀಳುತ್ತದೆ. ಅದಕ್ಕೆಂದೇ ಉಬ್ಬದ ಬೇರೆ ಮಣ್ಣಿನ ಪದರವನ್ನು ಲೈನಿಂಗಿನ ಕೆಳಗೆ ಹಾಕುವ ವಿಧಾನವನ್ನು ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ರೂಪಿಸಿದ್ದರು. ಆ ಪದರಕ್ಕೆ ಬೇಕಾದ ಮಣ್ಣನ್ನು ದೂರದಿಂದ ತಂದು, ಹೇಳಿದಷ್ಟು ದಪ್ಪ ಹಾಕಿ, ಚೆನ್ನಾಗಿ ಒತ್ತಿದರೆ ಮಾತ್ರ ಕೆಲಸ ನಿಲ್ಲುತ್ತದೆ. ಗುತ್ತಿಗೆಯ ಕಾಮಗಾರಿಯಲ್ಲಿ ಮೊದಲು ಉಳಿತಾಯಕ್ಕೆ ಸಿಗುವುದೇ ಕಣ್ಣಿಗೆ ಕಾಣದ ಆ ಪದರ.

ಟೇಲೆಂಡಿನ ಹೊಲಕ್ಕೆ ಇನ್ನೊಂದು ಕಷ್ಟವಿದೆ, ಅದನ್ನು ಇಲಾಖೆಯ ಕಾಗದಗಳಲ್ಲಿ ನಾನು ಕಂಡದ್ದು ಕಡಿಮೆ. ಬಹಳ ದಿನ ನೀರು ಕಾಣದ ಎರಿಹೊಲದ ಬಿರುಕುಗಳಲ್ಲಿ ಮೊಳಕೈ ಇಳಿಯುತ್ತದೆ. ಅಂಥ ಹೊಲಕ್ಕೆ ಕೊನೆಗೂ ನೀರು ಬಂದಾಗ ಮೊದಲ ಹರಿವೆಲ್ಲ ಬಿರುಕಿನೊಳಗೆ ಇಳಿದುಹೋಗುತ್ತದೆ. ನೀರು ಮುಂದಕ್ಕೆ ಸರಿಯುವುದೇ ಇಲ್ಲ. ವಾರಕ್ಕೊಮ್ಮೆ ಹಾಯಿಸಿಕೊಂಡ ಮೇಲಿನವನ ಹೊಲ ಬೇಗ ತುಂಬುತ್ತದೆ. ತಿಂಗಳುಗಟ್ಟಲೆ ಕಾಯ್ದ ಕೆಳಗಿನವನದು ಹೆಚ್ಚು ನೀರು ಬೇಡುತ್ತದೆ. ಕಡಿಮೆ ಸಿಗುವವನಿಗೇ ಹೆಚ್ಚು ಬೇಕು.

ಕೊನೆಯ ತೂಬು ನೋಡಬೇಕೆಂದರೆ ಹಿಂಗಾರಿಯಲ್ಲಿ ಕಡಲೆ ಹೂವು ಬಿಡುವ ಹೊತ್ತಿಗೆ ಹೋಗಬೇಕು. ಸಿಮೆಂಟು ಪೈಪಿನ ಬಾಯಿಗೆ ಇಲಾಖೆ ಕೂಡಿಸಿದ ಕಬ್ಬಿಣದ ಗೇಟಿನ ತಿರುಪು ಇರುವುದಿಲ್ಲ. ಪೈಪಿನೊಳಗೆ ಒಣಗಿದ ಕೆಸರಿನ ಸಿಪ್ಪೆ. ಕಾಲುವೆಯ ತಳದಲ್ಲಿ ಕುರಿ ಮೇಯ್ದ ಹಿಕ್ಕೆ, ಗೋಡೆಯ ಮೇಲೆ ನೀರಿನ ಗುರುತು ಅಡಿಯಿಂದ ಒಂದು ಗೇಣೂ ಏರಿರುವುದಿಲ್ಲ. ತೂಬಿನಿಂದ ಮುಂದೆ ಹೊಲಗಾಲುವೆ ಇರಬೇಕಾದಲ್ಲಿ ಕಡಲೆ ಸಾಲುಗಳೇ ಬೆಳೆದು ನಿಂತಿವೆ. ಬಾರದ ನೀರಿಗೆ ಎರಡು ಮಾರು ನೆಲ ಯಾಕೆ ಬಿಡಬೇಕೆಂದು ರೈತ ಅದನ್ನೂ ಹರಗಿ ಬಿತ್ತಿದ್ದಾನೆ. ಮುಂದೊಂದು ದಿನ ಅಧಿಕಾರಿ ಬಂದು, ‘ಹೊಲಗಾಲುವೆಯನ್ನೇ ಮುಚ್ಚಿದ್ದೀರಿ, ನೀರು ಹೇಗೆ ಬರಬೇಕು?’ ಎಂದು ಕೇಳಿದರೆ ಆತ ಕೊಡುವ ಉತ್ತರ ಸರಿಯಾಗಿಯೇ ಇರುತ್ತದೆ: ‘ನೀರು ಬರಲಿ ಸಾಹೇಬರ, ಒಂದು ತಾಸಿನ್ಯಾಗ ತಗೀತೀನಿ.’

ನೀರು ಬರುವ ಸುದ್ದಿ ಇದ್ದರೆ ರಾತ್ರಿ ಕಾಯಲು ಹೋಗುತ್ತಾರೆ. ಇದು ಟೇಲೆಂಡಿನವರಿಗೆ ಮಾತ್ರ ಇರುವ ಕೆಲಸ. ಬ್ಯಾಟರಿ, ರೊಟ್ಟಿಯ ಗಂಟು, ಒಂದು ಸಲಿಕೆ ಹಿಡಿದು ನಾಲ್ಕೈದು ಮಂದಿ ಲ್ಯಾಟರಲ್ಲಿನ ದಂಡೆಗುಂಟ ಮೇಲಕ್ಕೆ ನಡೆಯುತ್ತಾರೆ. ಒಂದೊಂದು ತೂಬಿಗೆ ಒಬ್ಬೊಬ್ಬ ಕೂರಬೇಕು. ಕೂತವನು ಎದ್ದುಹೋದರೆ ಗೇಟು ಏರುತ್ತದೆ. ಮೇಲಿನ ಊರಿನವರೂ ಪರಿಚಯದವರೇ, ಬೀಗರೂ ಇರಬಹುದು. ಜಗಳ ಆದರೆ ಮದುವೆ ಮನೆಯಲ್ಲಿ ಮಾತು ಬಿಡುವಂತಾಗುತ್ತದೆ. ಇಷ್ಟು ಕಾಯ್ದು ಸಿಗುವುದು ಒಂದು ಹಾಯಿಸುವಿಕೆ. ಕಡಲೆಗೆ ಹೂವಿನ ಮುಂಚೆ ಆ ಒಂದು ನೀರು ಸಿಕ್ಕರೆ ಇಳುವರಿಯೇ ಬೇರೆ. ಸಿಗದಿದ್ದರೆ ನೆಲದ ಹಸಿ ಮತ್ತು ಇಬ್ಬನಿ ಕೊಟ್ಟಷ್ಟು.

ಈ ಕೊರತೆ ಇತ್ತೀಚಿನದಲ್ಲ. ನೀರು ಹರಿಯತೊಡಗಿದ ಮೊದಲ ದಶಕದಲ್ಲೇ ಅದು ರಕ್ತಪಾತಕ್ಕೆ ಮುಟ್ಟಿತ್ತು. 1970ರ ದಶಕದಲ್ಲಿ ಕಾಲುವೆ ಬಂದಾಗ ಅದರ ಜೊತೆಗೆ ಇನ್ನೊಂದು ಇಂಗ್ಲಿಷ್ ಮಾತೂ ಬಂದಿತ್ತು: ಬೆಟರ್‌ಮೆಂಟ್ ಲೆವಿ. ನೀರಾವರಿಯಿಂದ ನಿಮ್ಮ ನೆಲದ ಬೆಲೆ ಏರಿದೆ, ಏರಿದ್ದರಲ್ಲಿ ಒಂದು ಪಾಲು ಸರ್ಕಾರಕ್ಕೆ ಕಟ್ಟಿ ಎಂಬುದು ಅದರ ಅರ್ಥ. 1957ರ ಕಾಯ್ದೆಯಲ್ಲೇ ಇದಕ್ಕೆ ಅವಕಾಶವಿತ್ತು. ತತ್ವದಲ್ಲಿ ತಪ್ಪೇನಿಲ್ಲ, ಸಾರ್ವಜನಿಕ ಹಣದಿಂದ ಒಬ್ಬನ ಆಸ್ತಿ ಬೆಳೆದರೆ ಅವನು ಸ್ವಲ್ಪ ಹಿಂದಿರುಗಿಸುವುದು ನ್ಯಾಯವೇ. ಆದರೆ ಲೆವಿ ಹಾಕಿದ್ದು ನಕ್ಷೆ ನೋಡಿ. ಅಚ್ಚುಕಟ್ಟಿನ ಗೆರೆಯೊಳಗೆ ಬಿದ್ದ ಹೊಲವೆಲ್ಲ ನೀರಾವರಿ ಹೊಲ. ನೀರು ಮುಟ್ಟಿದೆಯೋ ಇಲ್ಲವೋ ಎಂಬ ಕಾಲಮು ನೋಟಿಸಿನಲ್ಲಿ ಇರಲಿಲ್ಲ. ಟೇಲೆಂಡಿನ ರೈತನ ಕೈಯಲ್ಲಿ ಒಂದೇ ಸಲಕ್ಕೆ ಎರಡು ಇಂಗ್ಲಿಷ್ ಮಾತುಗಳು: ಒಂದು ನಿನ್ನ ಹೊಲ ಸುಧಾರಿಸಿದೆ ಎನ್ನುತ್ತದೆ, ಇನ್ನೊಂದು ಅಲ್ಲಿಗೆ ನೀರೇ ಬಂದಿಲ್ಲ ಎನ್ನುತ್ತದೆ.

ಅದೇ ಕಾಲಕ್ಕೆ ಹತ್ತಿಯ ಬೆಲೆ ನೆಲ ಕಚ್ಚಿತ್ತು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯನ್ನು ಈ ಭಾಗದ ರೈತರು ಸಾಲ ಮಾಡಿ, ಗೊಬ್ಬರ ಔಷಧಿ ಸುರಿದು ಬೆಳೆದಿದ್ದರು. ಮೊದಲ ವರ್ಷಗಳ ಒಳ್ಳೆಯ ದರ ಉಳಿಯಲಿಲ್ಲ. ಸಾಲದ ಕಂತು, ನೀರಿನ ಕರ, ಲೆವಿ ಮೂರೂ ಒಟ್ಟಿಗೆ ಬಾಗಿಲಿಗೆ ಬಂದವು. ನವಲಗುಂದ, ನರಗುಂದ, ಸವದತ್ತಿಯ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ತಹಶೀಲ್ದಾರ್ ಕಚೇರಿಗಳ ಮುಂದೆ ಕೂತರು. 1980ರ ಜುಲೈ 21ರಂದು ಹೋರಾಟ ಹಿಂಸೆಗೆ ತಿರುಗಿತು. ಪೊಲೀಸರ ಗುಂಡಿಗೆ ನವಲಗುಂದ ತಾಲ್ಲೂಕು ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದ ತಾಲ್ಲೂಕು ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ಪೊಲೀಸ್ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಆಗ ಗದಗ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ನವಲಗುಂದ, ನರಗುಂದ ಎರಡೂ ಅಖಂಡ ಧಾರವಾಡ ಜಿಲ್ಲೆಯೊಳಗೇ ಇದ್ದವು. ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಸರ್ಕಾರ ಲೆವಿಯಿಂದ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಹೆಸರು ಹಳ್ಳಿಹಳ್ಳಿಗೆ ತಲುಪಿದ್ದು ಆ ಮೇಲೆ. ಜುಲೈ 21 ಇಂದಿಗೂ ಈ ಭಾಗದಲ್ಲಿ ರೈತ ಹುತಾತ್ಮ ದಿನ.

ಲೆವಿ ಹೋಯಿತು. ಅದರ ಹಿಂದಿದ್ದ ರೂಢಿ ಹೋಗಲಿಲ್ಲ. ಕಾಗದದ ಮೇಲೆ ಹಸಿ, ಹೊಲದಲ್ಲಿ ಒಣ ಎಂಬ ಈ ಎರಡು ಲೆಕ್ಕ ಇಂದಿಗೂ ಜೊತೆಯಾಗಿಯೇ ನಡೆಯುತ್ತಿವೆ. ಬೆಳೆ ವಿಮೆಯಲ್ಲಿ ನೀರಾವರಿ ಬೆಳೆ, ಮಳೆಯಾಶ್ರಿತ ಬೆಳೆ ಎಂದು ಎರಡು ವಿಂಗಡಣೆ. ಟೇಲೆಂಡಿನವನು ಯಾವ ಸಾಲಿನಲ್ಲಿ ನಿಲ್ಲಬೇಕು? ಅಚ್ಚುಕಟ್ಟಿನ ಅಂಕಿ ಅಂಶದಲ್ಲಿ ಅವನ ಎಕರೆಗಳು ಸೇರಿದ್ದರಿಂದಲೇ ಯೋಜನೆಯ ಒಟ್ಟು ವಿಸ್ತಾರ ದೊಡ್ಡದಾಗಿ ಕಾಣುತ್ತದೆ. ಅವನ ಹೆಸರಿನಲ್ಲಿ ಅಣೆಕಟ್ಟು ಎತ್ತರವಾಯಿತು, ಕಾಲುವೆ ಉದ್ದವಾಯಿತು.

ಮೇಲಿನವರನ್ನು ಕಳ್ಳರೆಂದು ಕರೆದು ಮುಗಿಸಿದರೆ ಸತ್ಯಕ್ಕೆ ದೂರ. ಯೋಜನೆ ಮಾಡಿದವರು ಈ ನೀರನ್ನು ಜೋಳ, ಹತ್ತಿ, ಗೋಧಿಯಂಥ ಕಡಿಮೆ ನೀರಿನ ಬೆಳೆಗೆ ಲೆಕ್ಕ ಹಾಕಿದ್ದರು. ಜೋಳಕ್ಕೆ ದರವಿಲ್ಲ, ಕಬ್ಬಿಗೆ ಕಾರ್ಖಾನೆ ಕಾದು ಕೂತಿದೆ, ಗೋವಿನಜೋಳಕ್ಕೆ ಗಿರಾಕಿ ಇದ್ದಾರೆ. ಹೊಲದ ಮುಂದೆ ನೀರು ಹರಿಯುತ್ತಿದ್ದರೆ ಮೂರು ಮಕ್ಕಳ ತಂದೆ ಯಾವುದನ್ನು ಹಾಕುತ್ತಾನೆ? ಇಲಾಖೆ ಇದಕ್ಕೆ ‘ಬೆಳೆ ಪದ್ಧತಿ ಉಲ್ಲಂಘನೆ’ ಎನ್ನುತ್ತದೆ. ಉಲ್ಲಂಘಿಸಿದವನಿಗೂ ಸುಖವಿಲ್ಲ. ಬಸಿಯದ ಎರಿನೆಲಕ್ಕೆ ವರ್ಷಗಟ್ಟಲೆ ನೀರು ಕಟ್ಟಿದರೆ ಉಪ್ಪು ಮೇಲೆದ್ದು ಹೊಲ ಸವಳಾಗುತ್ತದೆ, ತಗ್ಗಿನಲ್ಲಿ ಜವಳಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು-ಜವಳಾಗಿ ಕೆಟ್ಟ ನೆಲ ಸಾಕಷ್ಟಿದೆ. ಒಂದೇ ಕಾಲುವೆಯ ಮೇಲಿನ ಹೊಲ ನೀರು ಹೆಚ್ಚಾಗಿ ಹಾಳು, ಕೆಳಗಿನ ಹೊಲ ನೀರಿಲ್ಲದೆ ಹಾಳು. ಕಾಲುವೆ ನೀರಾವರಿಯ ಬಗ್ಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಮೇಲಿನವನಿಗೆ ಬೇಡದ ನೀರು, ಅವನ ನೆಲವನ್ನೇ ಕೊಲ್ಲುವ ನೀರು, ಕೆಳಗಿನವನ ಒಂದು ಬೆಳೆಗೆ ಸಾಕಾಗುತ್ತಿತ್ತು.

ಕಲಘಟಗಿ ಕಡೆಯ ಕೆರೆಗಳ ಕೆಳಗೆ ಭತ್ತ ಬೆಳೆಯುವ ಊರುಗಳಲ್ಲಿ ಈ ಜಗಳ ಇಷ್ಟು ಕಹಿಯಾಗದೆ ಇರುವುದಕ್ಕೆ ಒಂದು ಕಾರಣವಿದೆ. ಅಲ್ಲಿ ಕೆರೆಯ ಏರಿಯ ಮೇಲೆ ನಿಂತರೆ ಕೊನೆಯ ಗದ್ದೆ ಕಾಣುತ್ತದೆ, ಆ ಗದ್ದೆ ಯಾರದೆಂದೂ ಗೊತ್ತು. ಕಾಲುವೆಯಲ್ಲಿ ತೂಬು ಎತ್ತುವವನಿಗೆ ತಾನು ಯಾರ ನೀರು ತೆಗೆಯುತ್ತಿದ್ದೇನೆಂದು ಗೊತ್ತೇ ಇಲ್ಲ. ಆ ಹೊಲ ಬೇರೆ ತಾಲ್ಲೂಕಿನಲ್ಲಿದೆ, ಬೇರೆ ಶಾಸಕರ ಕ್ಷೇತ್ರದಲ್ಲಿದೆ.

ನಮ್ಮ ಗಡಿಯ ಆಚೆಗೇ, ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ, ರಾಬರ್ಟ್ ವೇಡ್ ಎಂಬ ವಿದ್ವಾಂಸ ಕಾಲುವೆ ಹಳ್ಳಿಗಳನ್ನು ಅಭ್ಯಾಸ ಮಾಡಿ 1988ರಲ್ಲಿ ‘ವಿಲೇಜ್ ರಿಪಬ್ಲಿಕ್ಸ್’ ಎಂಬ ಪುಸ್ತಕ ಬರೆದರು. ಅವರು ಕಂಡದ್ದು ಹೀಗೆ: ಕಾಲುವೆಯ ತಲೆಯ ಕಡೆಯ ಊರುಗಳಲ್ಲಿ ನೀರಿಗಾಗಿ ಊರೊಟ್ಟಿನ ವ್ಯವಸ್ಥೆ ಹೆಚ್ಚಾಗಿ ಇರಲಿಲ್ಲ, ಕೆಳಗಿನ, ನೀರಿನ ಭರವಸೆ ಇಲ್ಲದ ಊರುಗಳಲ್ಲಿ ಇತ್ತು. ಅಲ್ಲಿ ಊರವರೇ ಸೇರಿ ನೀರು ಹಂಚುವವರನ್ನು ನೇಮಿಸಿ, ಅವರಿಗೆ ಊರ ಹಣದಿಂದ ಕೂಲಿ ಕೊಡುತ್ತಿದ್ದರು. ಹಂಚುವವರು ಒಂದು ಹೊಲ ತೋಯ್ದ ಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು, ಯಾರ ಹೊಲವೆಂದು ನೋಡುತ್ತಿರಲಿಲ್ಲ. ನವಲಗುಂದದ ಸೀಮೆ 1980ರಲ್ಲಿ ತೋರಿಸಿದ ಒಗ್ಗಟ್ಟನ್ನೂ ಈ ಬೆಳಕಿನಲ್ಲಿ ನೋಡಬಹುದು. ಕೊರತೆ ಇದ್ದಲ್ಲಿ ಜನ ಕೂಡುತ್ತಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ನೇಪಾಳದ ಕಾಲುವೆಗಳನ್ನು ಹೋಲಿಸಿ ನೋಡಿದಾಗ, ಸರ್ಕಾರಿ ಇಲಾಖೆ ನಡೆಸುವ ಕಾಲುವೆಗಳಿಗಿಂತ ರೈತರೇ ನಡೆಸುವ ಕಾಲುವೆಗಳಲ್ಲಿ ಟೇಲೆಂಡಿಗೆ ನೀರು ಹೆಚ್ಚು ಮುಟ್ಟುತ್ತಿತ್ತು.

ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ಅವಕ್ಕೆ ಕಾನೂನಿನ ಬಲ ಕೊಟ್ಟರು. ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ‘ವಾಲ್ಮಿ’ಯಲ್ಲಿ ರೈತರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುತ್ತಾರೆ. ಆದರೆ ನೀರನ್ನೇ ಅಳೆದು ಕೊಡದಿದ್ದರೆ ಸಂಘ ಹಂಚುವುದಾದರೂ ಏನನ್ನು? ಅನೇಕ ಸಂಘಗಳಿಗೆ ಬೋರ್ಡು, ರಿಜಿಸ್ಟರು ಇವೆ. ತಮ್ಮ ಲ್ಯಾಟರಲ್ಲಿಗೆ ಈ ವಾರ ಎಷ್ಟು ನೀರು ಬರುತ್ತದೆ ಎಂಬ ಖಾತ್ರಿ ಇಲ್ಲ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಬಿಗಿ ಮಾಡಿ 2024ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ಕೊನೆಯ ಭಾಗದ ರೈತರಿಗೆ ನೀರು ಮುಟ್ಟಿಸಲೆಂದೇ ಇದು ಎಂದು ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಬೀಗರ ಮೇಲೆ ಪೊಲೀಸ್ ದೂರು ಕೊಡುವವರು ಈ ಸೀಮೆಯಲ್ಲಿ ಕಡಿಮೆ.

ಈ ನಡುವೆ ಅನೇಕರು ಕಾಲುವೆಯ ಆಸೆಯನ್ನೇ ಬಿಟ್ಟು ಹೊಲದಲ್ಲೇ ಹೊಂಡ ತೋಡಿಸಿಕೊಂಡಿದ್ದಾರೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆ, ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ಕೆಲಸ ಇದಕ್ಕೆ ನೆರವಾದವು. ನೀರು ಇಂಗಗೊಡದ ಎರಿಮಣ್ಣಿನ ಗುಣವೇ ಇಲ್ಲಿ ವರ. ಹೊಂಡಕ್ಕೆ ಪ್ಲಾಸ್ಟಿಕ್ ಹಾಸದಿದ್ದರೂ ನೀರು ನಿಲ್ಲುತ್ತದೆ. ನವಲಗುಂದ, ಅಣ್ಣಿಗೇರಿಯ ಹೊಲಗಳಲ್ಲಿ ಕಡಲೆಗೆ ಆ ಒಂದು ನೀರನ್ನು ಈಗ ಕೊಡುತ್ತಿರುವುದು ಎಷ್ಟೋ ಕಡೆ ಈ ಹೊಂಡಗಳೇ. ನೆಲದೊಳಗಿನ ನೀರು ಸವಳಾದ ಈ ಭಾಗದಲ್ಲಿ ಬೋರು ಹೊಡೆಸಿ ಪ್ರಯೋಜನವಿಲ್ಲ. ಕುಡಿಯಲೂ ಕೆರೆಯ ನೀರೇ ಗತಿ, ಆ ಕೆರೆ ತುಂಬಬೇಕಾದದ್ದು ಮಳೆಯಿಂದ, ಇಲ್ಲವೇ ಅದೇ ಕಾಲುವೆಯಿಂದ. ಹಾಗಾಗಿ ಟೇಲೆಂಡ್ ಎಂಬುದು ಬೆಳೆಯ ಮಾತಷ್ಟೇ ಅಲ್ಲ. ಕೊನೆಯ ಊರಿನ ಹೆಣ್ಣುಮಕ್ಕಳ ಕೊಡದ ಮಾತೂ ಹೌದು.

ಗೋವಾದತ್ತ ಹರಿಯುವ ಮಹದಾಯಿ ನದಿಯ ನೀರಿನ ಬೇಡಿಕೆ ಬೆಳೆದದ್ದು ಇದೇ ನೆಲದಿಂದ. ರೇಣುಕಾಸಾಗರ ತುಂಬದ ವರ್ಷಗಳೇ ಹೆಚ್ಚಾದಾಗ ಆ ನದಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ಜನ ಕೇಳಿದರು. 2015ರಿಂದ ನರಗುಂದ, ನವಲಗುಂದಗಳಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. 7.56 ಟಿಎಂಸಿಯ ಮಧ್ಯಂತರ ಬೇಡಿಕೆಯನ್ನು ಮಹದಾಯಿ ಜಲವಿವಾದ ನ್ಯಾಯಮಂಡಳಿ 2016ರ ಜುಲೈನಲ್ಲಿ ತಳ್ಳಿಹಾಕಿದಾಗ ಊರುಗಳು ಕುದಿದವು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ನಡೆಸಿದ ಲಾಠಿ ಪ್ರಹಾರವನ್ನು ಆ ಊರು ಮರೆತಿಲ್ಲ. 2018ರ ಆಗಸ್ಟಿನ ತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9 ಟಿಎಂಸಿ. ಆ ನೀರು ಬರಬೇಕು ಎಂಬವರಲ್ಲಿ ನಾನೂ ಒಬ್ಬ. ಆದರೆ ಎರಡು ಮಾತು ಹೇಳಲೇಬೇಕು. ಮಹದಾಯಿಯಲ್ಲಿ ನಾವು ಮೇಲಿನವರು, ಗೋವಾದವರು ಕೆಳಗಿನವರು. ಟೇಲೆಂಡಿನ ಆತಂಕ ಎಂಥದೆಂದು ನವಲಗುಂದದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಎರಡನೆಯದು, ಹೊಸ ನೀರು ಬಂದರೂ ಅದು ಹರಿಯುವುದು ಅದೇ ಕಾಲುವೆಯಲ್ಲಿ, ಅದೇ ತೂಬುಗಳ ಮುಂದೆ. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ ಉಕ್ಕಿ ಹೊಳೆದಂಡೆಯ ಊರುಗಳೇ ಮುಳುಗಿದವು. ಜಲಾಶಯ ತುಂಬಿತೆಂದು ಕೊನೆಯ ತೂಬು ತಾನಾಗಿ ತುಂಬುವುದಿಲ್ಲ.

ಪಂಜಾಬಿನ ಹಳೆಯ ಕಾಲುವೆಗಳಲ್ಲಿ ವಾರಬಂದಿ ಎಂಬ ಪದ್ಧತಿ ಇದೆ. ಏಳು ದಿನದ ಹಗಲು ರಾತ್ರಿಯನ್ನು ಎಕರೆಯ ಲೆಕ್ಕದಲ್ಲಿ ಗಂಟೆ ನಿಮಿಷಗಳಾಗಿ ಹಂಚುತ್ತಾರೆ. ಖಾಲಿ ಕಾಲುವೆ ತುಂಬಲು ಹಿಡಿಯುವ ಹೊತ್ತನ್ನು ಕೂಡ ಲೆಕ್ಕಕ್ಕೆ ಹಿಡಿದು, ಆಗ ಸರದಿ ಇರುವ ರೈತನಿಗೆ ಹೆಚ್ಚುವರಿ ಸಮಯ ಕೊಡುತ್ತಾರೆ. ಇದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು ರೂಢಿ. ಅಲ್ಲಿ ಕಾಲುವೆಯ ಕೊನೆಯಲ್ಲಿ ಒಂದು ಅಳತೆಪಟ್ಟಿ ನಿಲ್ಲಿಸಿರುತ್ತಾರೆ, ಅದಕ್ಕೆ ಟೇಲ್ ಗೇಜ್ ಎಂದು ಹೆಸರು. ಅಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದನ್ನು ಬರೆದು ಮೇಲಿನವರಿಗೆ ಕಳಿಸಬೇಕು. ಕಾಲುವೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಆ ಅಂಕಿಯಿಂದ. ತಲೆಯಲ್ಲಿ ಎಷ್ಟು ಬಿಟ್ಟೆವು ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ನಮ್ಮಲ್ಲಿ ಪತ್ರಿಕೆಗೆ ಬರುವ ಅಂಕಿ ಯಾವಾಗಲೂ ತಲೆಯದೇ: ನವಿಲುತೀರ್ಥದಿಂದ ಇಂದು ಇಷ್ಟು ಕ್ಯೂಸೆಕ್ ಬಿಡುಗಡೆ. ಗೇಟು ಎತ್ತುವ ದಿನ ಪೂಜೆ, ಬಾಗಿನ, ಫೋಟೊ ಎಲ್ಲ ಆಗುತ್ತದೆ. ಅದೇ ನೀರು ಅಣ್ಣಿಗೇರಿಯ ಕಡೆಯ ಕೊನೆಯ ತೂಬಿಗೆ ಯಾವ ದಿನ ಮುಟ್ಟಿತು, ಎಷ್ಟು ದಿನ ನಿಂತಿತು ಎಂಬುದನ್ನು ಓದಿದ ನೆನಪು ನನಗಿಲ್ಲ. ಪ್ರತಿ ಲ್ಯಾಟರಲ್ಲಿನ ಕೊನೆಯ ತೂಬಿಗೆ ಬಣ್ಣ ಬಳಿದ ಒಂದು ಅಳತೆಪಟ್ಟಿ ಹಾಕುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ನೀರು ಬಿಟ್ಟ ದಿನಗಳಲ್ಲಿ ಅದರ ಅಂಕಿಯನ್ನು ದಿನಾ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ಬರೆಯಲು ಒಬ್ಬ ಸಿಬ್ಬಂದಿ ಸಾಕು. ಸರದಿ ಶುರುವಾಗುವುದು ಕೆಳಗಿನಿಂದ ಮೇಲಕ್ಕೆ ಆಗಲಿ. ಬಿರುಕುಬಿಟ್ಟ ಹೊಲ ಮೊದಲು ತೋಯಲಿ, ಮೇಲಿನವರಿಗೆ ನೀರು ಹೇಗೂ ಅವರ ಮುಂದೆಯೇ ಹರಿದು ಹೋಗುತ್ತಿರುತ್ತದೆ.

ಮುಂದಿನ ಹಿಂಗಾರಿಗೆ ನೀರು ಬಿಡುವ ದಿನ ಗೊತ್ತು ಮಾಡಲು ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಆ ಸಭೆಗೆ ಹೋಗುವ ಶಾಸಕರು, ಎಂಜಿನಿಯರರು, ರೈತ ಮುಖಂಡರು ಎಷ್ಟು ಟಿಎಂಸಿ ಇದೆ ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಹೋದ ವರ್ಷ ಕೊನೆಯ ತೂಬಿಗೆ ಎಷ್ಟು ದಿನ ನೀರು ಮುಟ್ಟಿತ್ತು? ಅದಕ್ಕೆ ಉತ್ತರ ಬರುವವರೆಗೆ ಸಭೆ ಮುಂದಕ್ಕೆ ಹೋಗಬಾರದು.